ಹೊಸ ಗೇರ್ ಕೇಬಲ್, ಅದೇ ಹಳೇ ಗೋಳು

ಸೈಕಲ್ಲಿನ ಗೇರ್ ಕೇಬಲ್ ಬದಲಿಸಿದ ಮೇಲೂ ಗೇರ್ ಸರಿಯಾಗಿ ಬೀಳದಿದ್ದರೆ ಎಲ್ಲರೂ ಮೊದಲು ತಿರುಗಿಸುವುದು ಡಿರೇಲರ್‌ನ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗದ, ಲಿಮಿಟ್ ಸ್ಕ್ರೂಗಳನ್ನೇ! ಪಾಪ, ಅವು ಇರುವುದು ಚೈನು ಆಚೀಚೆ ಜಾರಿ ಬೀಳದಿರಲಿ ಎಂದು. ಕೇಬಲ್ ಬದಲಿಸಿದ್ದಕ್ಕೆ ಅವನ್ನು ಮುಟ್ಟುವ ಅಗತ್ಯವೇ ಇಲ್ಲ.

ಹೆಚ್ಚಾಗಿ ತಪ್ಪು ಇರುವುದು ಔಟರ್‌ನಲ್ಲಿ, ಅಂದರೆ ತಂತಿ ಓಡಾಡುವ ಹೊರಗಿನ ಕೊಳವೆಯಲ್ಲಿ. ಒಳಗೆ ತುಕ್ಕು, ಕೆಸರು ತುಂಬಿದ ಹಳೇ ಔಟರ್‌ಗೆ 1.2 ಮಿ.ಮೀ. ಹೊಸ ತಂತಿ ತೂರಿಸಿ ಏನು ಪ್ರಯೋಜನ? ಇನ್ನು ಕೆಲವರು ಕೈಗೆ ಸಿಕ್ಕ ಬ್ರೇಕ್ ಔಟರನ್ನೇ ಹಾಕಿಬಿಡುತ್ತಾರೆ. ಅದರೊಳಗಿನ ಲೋಹ ಸುರುಳಿಯಾಗಿರುವುದರಿಂದ ಎಳೆತಕ್ಕೆ ಕುಗ್ಗುತ್ತದೆ, ಗೇರಿನ ಲೆಕ್ಕ ತಪ್ಪುತ್ತದೆ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದುದ್ದ ಇರುತ್ತವೆ, ಕುಗ್ಗುವುದಿಲ್ಲ. ಹಾಗೆಂದು ಅದನ್ನು ಬ್ರೇಕಿಗೆ ಹಾಕಲೇಬೇಡಿ. ಬಲವಾಗಿ ಬ್ರೇಕ್ ಹಿಡಿದಾಗ ಸೀಳಿಹೋಗಬಹುದು.

ಮೊಂಡು ಕಟಿಂಗ್ ಪ್ಲೇಯರಂತೂ ಬೇಡವೇ ಬೇಡ. ಔಟರ್‌ನ ಬಾಯಿ ಚಪ್ಪಟೆಯಾಗುತ್ತದೆ, ತಂತಿಯ ಎಳೆ ಬಿಚ್ಚಿಕೊಂಡು ಮತ್ತೆ ಒಳಗೆ ಹೋಗುವುದಿಲ್ಲ. ಹರಿತವಾದ ಕೇಬಲ್ ಕಟರ್‌ನಿಂದ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯನ್ನು ದಬ್ಬಳದಿಂದ ಅಗಲಿಸಿ, ಔಟರ್‌ನ ತುದಿಗೆ ಟೋಪಿ (ಫೆರೂಲ್) ತೊಡಿಸಿ.

ಹಿಂದಿನ ಗೇರಾದರೆ ಚೈನು ಅತಿ ಚಿಕ್ಕ ಹಲ್ಲುಚಕ್ರದ ಮೇಲಿರಬೇಕು, ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಗುಂಡಿ ಅಥವಾ ಹಿಡಿ) ಕೂಡ ಅದೇ ಗೇರಿನಲ್ಲಿರಬೇಕು. ಔಟರ್‌ನ ತುದಿ ಕೂರುವಲ್ಲಿ ತಂತಿಯ ಬಿಗಿ ಹೊಂದಿಸಲು ಇರುವ ತಿರುಪು, ಅಂದರೆ ಬ್ಯಾರಲ್ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಒಂದು ಸುತ್ತು ಹೊರತೆಗೆದು, ತಂತಿ ಎಳೆದು, ಡಿರೇಲರ್‌ನಲ್ಲಿ ಅದನ್ನು ಹಿಡಿದಿಡುವ ಬೋಲ್ಟ್ ಬಿಗಿಮಾಡಿ. ನಾಲ್ಕು ದಿನದಲ್ಲಿ ಸಡಿಲವಾದರೆ ತಂತಿ ಕಳಪೆ ಎಂದು ಬೈಯಬೇಡಿ. ಔಟರ್‌ನ ತುದಿಗಳು ತಮ್ಮ ಜಾಗದಲ್ಲಿ ಒತ್ತಿ ಕೂತುಕೊಂಡಿವೆ, ಅಷ್ಟೆ. ಬ್ಯಾರಲ್ಲನ್ನು ಕಾಲು ಸುತ್ತು ಹೊರಕ್ಕೆ ತಿರುಗಿಸಿ ನೋಡಿ.