ದಂಡ ಹಾಕಿ, ಆದ್ರೆ ನಮ್ಮವ್ವನಿಗೆ ‘ಏಯ್’ ಅನ್ಬೇಡಿ

ಭಾನುವಾರ ನಡೆದದ್ದು. ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನ ಮಗಳ ಸೀಮಂತ ಇತ್ತು. ನಾನು, ನಮ್ಮವ್ವ ದಾವಣಗೆರೆಯಲ್ಲಿ ರೈಲು ಹತ್ತಿದೆವು. ಕ್ಯೂ ನಿಂತು ಜನರಲ್ ಟಿಕೆಟ್ ತಗೊಂಡಿದ್ದೆ. ಇಬ್ಬರಿಗೂ ಸೇರಿ ಒಂದೇ ಚೀಟಿ, ಅದು ನನ್ನ ಪರ್ಸಿನಲ್ಲಿತ್ತು. ಇಳಿದ ಊರಲ್ಲಿ ವಿಪರೀತ ಜನ. ನಾನು ಎರಡು ಬ್ಯಾಗ್ ಎಳ್ಕೊಂಡು ಬರೋದರೊಳಗೆ ಅವ್ವ ಮಂಡಕ್ಕಿ ಚೀಲ ಹಿಡ್ಕೊಂಡು ಜನರ ಜೊತೆ ಸೇತುವೆ ದಾಟಿ ಗೇಟಿನ ಹತ್ರ ಹೋಗಿಬಿಟ್ಟಿದ್ದಳು.

ಅಲ್ಲಿ ಟಿಸಿ ನಿಂತಿದ್ದರು. "ಏಯ್, ಟಿಕೆಟ್ ತೆಗಿ." ಮಗಳ ಹತ್ರ ಇದೆ, ಹಿಂದೆ ಬರ್ತಿದ್ದಾಳೆ ಅಂದಳಂತೆ ಅವ್ವ. "ಎಲ್ಲರೂ ಇದೇ ಕಥೆ ಹೇಳೋದು. ಆ ಕಡೆ ನಿಂತ್ಕೋ. ಚೀಲ ಬಿಚ್ಚು."

ನಾನು ಬಂದು ನೋಡಿದಾಗ ಅವ್ವ ಕಂಬದ ಪಕ್ಕ ನೆಲದ ಮೇಲೆ ಕೂತಿದ್ದಳು. ಶೇಂಗಾ ಚಟ್ನಿ ಡಬ್ಬಿ, ಬಾಣಂತಿ ಸಾಮಾನಿನ ಪೊಟ್ಟಣ, ಎಲೆಅಡಿಕೆ ಸಂಚಿ ಎಲ್ಲ ಹೊರಗೆ. ಮಂಡಕ್ಕಿ ಕವರ್ ಹರಿದು ಅರ್ಧ ಚೆಲ್ಲಿತ್ತು. ಅದನ್ನ ಒಂದೊಂದೇ ಹಿಡಿ ಬಾಚಿ ಸೆರಗಿಗೆ ಹಾಕ್ಕೊಳ್ತಿದ್ದಳು. ಜನ ಸುತ್ತ ದಾಟಿಕೊಂಡು ಹೋಗ್ತಿದ್ದರು. ಅವಳಿಗೆ 68 ವರ್ಷ.

ಟಿಕೆಟ್ ತೋರಿಸಿದೆ. ನನ್ನ ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಇತ್ತು. ತಕ್ಷಣ ದನಿ ಬದಲಾಯ್ತು. "ಮೊದಲೇ ತೋರಿಸಬಾರದಾ ಮೇಡಂ, ಹೋಗಿ." ಅವ್ವನ ಕಡೆ ತಿರುಗಿ, "ಏಳು, ದಾರಿ ಬಿಡು." ಅಷ್ಟೇ. ತಪ್ಪಾಯ್ತು ಅನ್ನೋ ಒಂದು ಮಾತಿಲ್ಲ.

ಒಂದೇ ಚೀಟಿ, ಒಂದೇ ದುಡ್ಡು. ನನಗೆ ‘ಹೋಗಿ’, ಅವಳಿಗೆ ‘ಏಳು’. ಯಾಕೆ? ಅವಳು ಹಳೇ ಕಾಟನ್ ಸೀರೆ ಉಟ್ಟಿದ್ದಕ್ಕಾ?

ನಾನೂ ಅವ್ವನಿಗೆ ‘ನೀನು’ ಅಂತಲೇ ಅನ್ನೋದು. ಅದು ಮಗಳ ಸಲುಗೆ. ಗುರುತು ಪರಿಚಯ ಇಲ್ಲದವರಿಗೆ ಆ ಸಲುಗೆ ಕೊಟ್ಟವರು ಯಾರು? ನಮ್ಮ ಮಂಡಿಪೇಟೆಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರು ಕೂಡ "ಸ್ವಲ್ಪ ದಾರಿ ಬಿಡ್ರಿ ಯವ್ವಾ" ಅಂತಾರೆ. ಅಷ್ಟು ಭಾರ ಹೊತ್ತವರಿಗೆ ಮರ್ಯಾದೆ ಮರೆಯಲ್ಲ, ಕರೀ ಕೋಟು ಹಾಕಿದವರಿಗೆ ಮರೆತುಹೋಗುತ್ತೆ. ಇಷ್ಟೆಲ್ಲ ಆದ ಮೇಲೂ ನಾನು ಇಲ್ಲಿ ‘ಅವರು’ ಅಂತಲೇ ಬರೀತಿದ್ದೇನೆ, ಗಮನಿಸಿ.

ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಟಿಕೆಟ್ ಇಲ್ಲದೆ ಓಡಾಡೋರು ಇದ್ದಾರೆ, ಹಿಡೀಲಿ. ಸಿಕ್ಕಿಬಿದ್ದರೆ ಟಿಕೆಟ್ ದರ ಕೊಡಬೇಕು, ಅದರ ಮೇಲೆ ಕನಿಷ್ಠ 250 ರೂಪಾಯಿ. ಎಲ್ಲಿ ಹತ್ತಿದ್ದು ಅಂತ ತೋರಿಸೋಕೆ ಆಗದಿದ್ದರೆ ರೈಲು ಹೊರಟ ಊರಿಂದಲೇ ಲೆಕ್ಕ. ನಿಯಮ ಹಾಗಿದೆ, ವಸೂಲಿ ಮಾಡಿ, ರಸೀದಿ ಕೊಡಲಿ. ಬೈಯೋದು ಯಾವ ನಿಯಮದಲ್ಲಿದೆ? ಐದು ನಿಮಿಷ ಕಾದಿದ್ದರೆ ನಾನು ಬರ್ತಿದ್ದೆ, ಅಲ್ವಾ?

1989ರ ರೈಲ್ವೆ ಕಾಯ್ದೆಯ 139ನೇ ಸೆಕ್ಷನ್ ಓದಿ ನೋಡಿ. ದುಡ್ಡು ಕಟ್ಟಲ್ಲ ಅಂದರೂ, ಗಂಡಸರ ಜೊತೆಯಿಲ್ಲದ ಹೆಂಗಸನ್ನು, ಮಗುವನ್ನು ರೈಲಿಂದ ಎಲ್ಲೆಂದರಲ್ಲಿ ಇಳಿಸೋ ಹಾಗಿಲ್ಲ. ಅವರು ಹತ್ತಿದ ಸ್ಟೇಷನ್, ಜಂಕ್ಷನ್, ರೈಲಿನ ಕೊನೇ ಸ್ಟೇಷನ್, ಇಲ್ಲಾ ಜಿಲ್ಲಾ ಕೇಂದ್ರ. ಅಲ್ಲಿ ಮಾತ್ರ, ಅದೂ ಹಗಲು ಹೊತ್ತಲ್ಲಿ. ಟಿಕೆಟ್ ಇಲ್ಲದವಳ ಬಗ್ಗೆಯೂ ಕಾನೂನಿಗೆ ಇಷ್ಟು ಕಾಳಜಿ ಇದೆ. ನಮ್ಮವ್ವನ ಟಿಕೆಟ್ ಇತ್ತು!

ಸಹಾಯವಾಣಿಯ ನಂಬರೂ 139. ಫೋನ್ ಮಾಡಿದೆ, ದೂರು ಬರೆಸಿದೆ. ಆ ಟಿಸಿಯವರ ಹೆಸರು ಕೇಳಿದರು. ಕೋಟಿನ ಮೇಲೆ ಹೆಸರಿನ ಪಟ್ಟಿಯೇ ಇರಲಿಲ್ಲ, ಎಲ್ಲಿಂದ ಹೇಳಲಿ? ಮಾರನೇ ದಿನ ಮೆಸೇಜ್ ಬಂತು, ಸಂಬಂಧಪಟ್ಟವರಿಗೆ ತಿಳಿಸಲಾಗಿದೆ ಅಂತ. ನಮ್ಮವ್ವನಿಗಿಂತ ಸಂಬಂಧಪಟ್ಟವರು ಇನ್ಯಾರು? ಅವಳಿಗೆ ಯಾರೂ ಏನೂ ತಿಳಿಸಿಲ್ಲ.

ಸೀಮಂತದ ಮನೆಯಲ್ಲಿ ಅವ್ವ ಈ ವಿಷಯ ಯಾರಿಗೂ ಹೇಳಲಿಲ್ಲ. ಮಂಡಕ್ಕಿ ಯಾಕೆ ಇಷ್ಟೇ ತಂದಿದ್ದೀರಿ ಅಂತ ಅಕ್ಕನ ಅತ್ತೆ ಕೇಳಿದಾಗ, ಅವಸರದಲ್ಲಿ ಮರೆತೆ ಅಂದಳು.

ವಾಪಸ್ ಬರುವಾಗ ಟಿಕೆಟ್ ನನಗೆ ಕೊಡು ಅಂತ ಇಸ್ಕೊಂಡಳು. ಹರಿಹರ ದಾಟೋವಾಗ ಕೂತಲ್ಲೇ ತೂಕಡಿಸ್ತಿದ್ದಳು. ಮುಷ್ಟಿ ಮಾತ್ರ ಬಿಟ್ಟಿರಲಿಲ್ಲ.