ಅಪ್ಪೆಹುಳಿಗೆ ಮೈಲುತುತ್ತ

ಕಾಡಿನ ಮರಗಳ ಬೇರಿಗೆ ಶಿಲೀಂಧ್ರದ ಸಣ್ಣ ಎಳೆಗಳು ಅಂಟಿಕೊಂಡಿರುತ್ತವೆ. ಅವು ಮರಕ್ಕೆ ನೀರು, ರಂಜಕ ತಂದುಕೊಡುತ್ತವೆ. ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಒಂದು ಮರದಿಂದ ಇನ್ನೊಂದು ಮರಕ್ಕೂ ಎಳೆ ಹಬ್ಬುವುದುಂಟು. ಇದನ್ನು ಓದಿದ್ದೇ ತಡ, ನನ್ನ ಟಿಪ್ಪಣಿಗಳೂ ಹೀಗೆ ಒಳಗೊಳಗೇ ಕೂಡಿಕೊಂಡಿರಬೇಕು ಅನ್ನಿಸಿತು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿ ಬರೆದಿಟ್ಟಿದ್ದರು. 1ರ ಬೆನ್ನಿಗೆ 1ಎ, ಅದು ಟಿಸಿಲೊಡೆದರೆ 1ಎ1. ಒಂದು ಚೀಟಿಯಲ್ಲಿ ಇನ್ನೊಂದರ ನಂಬರು. ಅಷ್ಟೇ!

ಶಿರಸಿ ಕಡೆ ರಟ್ಟಿಗೇನು ಬರ? ಮದುವೆ, ಉಪನಯನದ ಕರೆಯೋಲೆಗಳು ಮನೆತುಂಬ ಇರುತ್ತವೆ. ಅವುಗಳ ಖಾಲಿ ಬದಿಗೆ ಜೆಲ್ ಪೆನ್ನಿನಲ್ಲಿ ಬರೆದು, ಬಿಸ್ಕಿಟ್ ಡಬ್ಬದಲ್ಲಿ ಜೋಡಿಸಿ, ಅಟ್ಟದ ಮೇಲಿಟ್ಟೆ.

ಲೂಮನ್ ಪಾಠ ಮಾಡುತ್ತಿದ್ದ ಬೀಲೆಫೆಲ್ಡ್‌ನಲ್ಲೂ ಮಳೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಆಷಾಢ ಅಲ್ಲಿಲ್ಲ ನೋಡಿ.

ಅಡಿಕೆಗೆ ಕೊಳೆ ರೋಗದ ಔಷಧಿ ಎರಡನೇ ಸಲ ಹೊಡೆಯುವ ದಿನ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಡ್ರಮ್ಮಿನ ಪಕ್ಕ ನಿಂತಿದ್ದ. ‘ಅಳತೆ ನನ್ನ ಹತ್ರ ಇದೆ, ತಡಿ’ ಎಂದು ಜಂಬದಿಂದ ಡಬ್ಬ ತೆಗೆದೆ. ಗಮ್ಮೆಂದಿತು. ಚೀಟಿಗಳೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಶಿಲೀಂಧ್ರ ತಾನೇ ಖುದ್ದಾಗಿ ಬಂದು ಜೋಡಿಸಿತ್ತು, ನಂಬರನ್ನೂ ಕೇಳದೆ! ಶಿಲೀಂಧ್ರ ಕೊಲ್ಲುವ ಔಷಧಿಯ ಚೀಟಿಗೇ ಎಲ್ಲಕ್ಕಿಂತ ಜಾಸ್ತಿ. ಅದು ಆಯಿ ಹೇಳಿ ಬರೆಸಿದ ಅಪ್ಪೆಹುಳಿಯ ಚೀಟಿಗೆ ಮುಖಕ್ಕೆ ಮುಖ ಅಂಟಿತ್ತು. ಮೆಲ್ಲಗೆ ಎಬ್ಬಿಸಿದರೆ ಶಾಯಿ ಅತ್ತಿತ್ತ ದಾಟಿತ್ತು.

ಆಯಿ ಕನ್ನಡಕ ಏರಿಸಿ ಓದಿದಳು. ‘ಮಾವಿನಕಾಯಿ ಬೇಯಿಸಿ ಕಿವುಚಿ... 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ, 100 ಲೀಟರ್ ನೀರು.’

‘ಎಂತದಾ ತಮಾ, ಅಪ್ಪೆಹುಳಿಗೆ ಮೈಲುತುತ್ತವಾ?’

ಇನ್ನೊಂದರಲ್ಲಿ ಬೋರ್ಡೋ ದ್ರಾವಣಕ್ಕೆ, ಅಂದರೆ ಆ ಕೊಳೆ ಔಷಧಿಗೆ, ಇಂಗು-ಸಾಸಿವೆಯ ಒಗ್ಗರಣೆ ಬಿದ್ದಿತ್ತು. ಅಡಿಕೆ ಮರಕ್ಕೆ ಹಿಡಿಸುತ್ತಿತ್ತೋ ಏನೋ.

ಅಷ್ಟರಲ್ಲಿ ಕೊನೆಗೌಡ ಸುಣ್ಣದ ನೀರಿಗೆ ತಾಮ್ರದ ಉಪ್ಪಾದ ಮೈಲುತುತ್ತದ ನೀರು ಸುರಿದು ಕದಡಿಯೂ ಆಗಿತ್ತು. ಕತ್ತಿಯನ್ನು ಒಂದು ನಿಮಿಷ ಅದ್ದಿ ಎತ್ತಿದ. ಅಲಗಿನ ಮೇಲೆ ತಾಮ್ರದ ಕೆಂಪು ಬಂದರೆ ಸುಣ್ಣ ಸಾಲದು ಎಂದರ್ಥ. ಕೆಂಪು ಬಂದಿರಲಿಲ್ಲ. ಮರ ಹತ್ತಿದ.

ಒಣಗಲಿ ಎಂದು ಚೀಟಿಗಳನ್ನು ಬಚ್ಚಲ ಒಲೆಯ ಮೇಲೆ ಸಾಲಾಗಿ ತೂಗುಹಾಕಿದೆ. ಸ್ನಾನಕ್ಕೆ ಹೋದವರೆಲ್ಲ ಓದಿಕೊಂಡೇ ಬರತೊಡಗಿದರು. ಈಗ ನೆಂಟರೆದುರು ಅಪ್ಪೆಹುಳಿ ಬಡಿಸುವಾಗ ಆಯಿ ಸೌಟು ಹಿಡಿದು ನನ್ನನ್ನೇ ಕೇಳುತ್ತಾಳೆ: ‘ತಮಾ, ಸುಣ್ಣ ಸಾಕಾ?’