ಸ್ಪಷ್ಟನೆ: ಕಾರವಾರದ ಚಾಪೆಲ್ ಕರಾಚಿಗೆ ಹೋದ ನೌಕೆಯಲ್ಲ

ಕಾರವಾರದ ಟಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಯುದ್ಧನೌಕೆ ಐಎನ್‌ಎಸ್ ಚಾಪೆಲ್ 1971ರ ಭಾರತ–ಪಾಕ್ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ಕ್ಷಿಪಣಿ ಹಾರಿಸಿತ್ತು ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ನಾನೂ ಪರಿಶೀಲಿಸದೆ ಅದನ್ನು ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಸುಮಾರು ಐದು ವರ್ಷಗಳ ನಂತರ. 1971ರ ಡಿಸೆಂಬರ್ 4ರ ರಾತ್ರಿ ದಾಳಿ ನಡೆಸಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಡಿಸೆಂಬರ್ 8ರ ರಾತ್ರಿಯ ಎರಡನೆಯ ದಾಳಿಯಲ್ಲಿ ಕ್ಷಿಪಣಿ ಹಾರಿಸಿದ್ದು ವಿನಾಶ್.

ಗೊಂದಲಕ್ಕೆ ಕಾರಣವಿದೆ. ಎಲ್ಲವೂ ಸೋವಿಯತ್ ಒಕ್ಕೂಟದಿಂದ ಬಂದ ಒಸಾ ಎಂಬ ಮಾದರಿಯ ಕ್ಷಿಪಣಿ ದೋಣಿಗಳೇ. ಆದರೆ ಕರಾಚಿಗೆ ಹೋದವು ಒಸಾ–1, ಚಾಪೆಲ್ ಒಸಾ–2. ಕಡಲತೀರಕ್ಕೆ ಹೋದಾಗ ಡೆಕ್ಕಿನ ಎರಡೂ ಬದಿ ನೋಡಿ: ಕ್ಷಿಪಣಿ ಇಡುತ್ತಿದ್ದ ನಾಲ್ಕು ಕೊಳವೆಗಳು ಪೀಪಾಯಿಯಂತೆ ದುಂಡಗಿವೆ. 1971ರ ದೋಣಿಗಳಲ್ಲಿ ಅವು ಪೆಟ್ಟಿಗೆಯಾಕಾರದಲ್ಲಿದ್ದವು. ಹಳೆಯ ಚಿತ್ರಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇದರಿಂದ ಚಾಪೆಲ್‌ನ ಬೆಲೆ ಕಡಿಮೆಯಾಗುವುದಿಲ್ಲ. 2005ರವರೆಗೆ ನಮ್ಮ ಕಡಲನ್ನು ಕಾದ ದೋಣಿ ಅದು. ಮಕ್ಕಳಿಗೆ ಅದರದೇ ಕಥೆ ಹೇಳೋಣ. ನಿಪಾತ್, ವೀರ್ ನಾವಿಕರು ಮಾಡಿದ್ದನ್ನು ಅವರ ಹೆಸರಿನಲ್ಲಿಯೇ ಉಳಿಸೋಣ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.